ಸ್ಕ್ರೂ ಎಲ್ಲಿ ಹೋಯ್ತು? ಯಾದವಗಿರಿಯಿಂದ ಲ್ಯಾಪ್‌ಟಾಪಿನವರೆಗೆ ಐಡ್ಲಿಂಗ್ ಕಥೆ

ನಂಜನಗೂಡು ದೊಡ್ಡ ಜಾತ್ರೆಗೆ ಬೆಂಗಳೂರಿನಿಂದ ಬಂದಿದ್ದ ನಮ್ಮ ಕಡೆಯ ಹುಡುಗನೊಬ್ಬ ಜೊತೆಗೆ ಒಂದು ಕಾರು ತಂದಿದ್ದ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು, ಅದರ ಮೇಲೆ ಎಂಜಿನ್ನಿನ ಒಳಗೆಲ್ಲ ಬದಲಾಯಿಸಿದ್ದು. ಓಡುವಾಗ ಹುಲಿ, ನಿಂತರೆ ಸಮಸ್ಯೆ. ರೇಸ್ ತಾನಾಗಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ, ಕೊನೆಗೆ ಆಫ್. ತಗಡೂರು ದಾಟುವುದರೊಳಗೆ ನಾಲ್ಕು ಸಲ ನಿಂತಿತಂತೆ.

ರಸ್ತೆ ಬದಿಯ ಗ್ಯಾರೇಜಿನ ಅಣ್ಣ ಬಾನೆಟ್ ಎತ್ತಿದರು. ಮೂವತ್ತು ವರ್ಷ ಯೆಜ್ಡಿ, ಲೂನಾ, ಎಕ್ಸ್‌ಎಲ್, ಮಾರುತಿ ಎಲ್ಲ ನೋಡಿದ ಕೈ. ಸ್ಕ್ರೂಡ್ರೈವರ್ ಹಿಡಿದು ಆ ಕಡೆ ಈ ಕಡೆ ಹುಡುಕಿ ಕೇಳಿದರು: "ಐಡ್ಲಿಂಗ್ ಸ್ಕ್ರೂ ಎಲ್ಲಪ್ಪಾ?"

"ಇದ್ರಲ್ಲಿ ಸ್ಕ್ರೂ ಇಲ್ಲ ಅಣ್ಣ. ಲ್ಯಾಪ್‌ಟಾಪ್‌ನಲ್ಲಿ ಮಾಡ್ಬೇಕು."

ಅಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟರು. ಪಕ್ಕದಲ್ಲೇ ನಿಂತಿದ್ದ ನಮಗೆ ಆ ಗಳಿಗೆ ಮನಸ್ಸಿನಲ್ಲಿ ಉಳಿಯಿತು. ಅಣ್ಣ ಆಮೇಲೆ ಏನು ಮಾಡಿದರು ಎಂಬುದನ್ನು ಕೊನೆಗೆ ಹೇಳುತ್ತೇವೆ. ಅದಕ್ಕೆ ಮೊದಲು ಆ ಸ್ಕ್ರೂ ಎಲ್ಲಿಂದ ಬಂತು, ಯಾವಾಗ ಕಾಣೆಯಾಯಿತು ನೋಡೋಣ. ಈ ಕಥೆಯ ದೊಡ್ಡ ಭಾಗ ನಡೆದಿರುವುದು ನಮ್ಮ ಮೈಸೂರು ಜಿಲ್ಲೆಯಲ್ಲೇ.

ಮೊದಲು, ಐಡ್ಲಿಂಗ್ ಅಂದರೇನು?

ಗಾಡಿ ನಿಂತಿದೆ, ಆಕ್ಸಿಲರೇಟರ್ ಮುಟ್ಟಿಲ್ಲ, ಆದರೂ ಎಂಜಿನ್ ತನ್ನ ಪಾಡಿಗೆ ತಿರುಗುತ್ತಿದೆ. ಅದೇ ಐಡ್ಲಿಂಗ್. ಟ್ರ್ಯಾಕ್ಟರ್‌ನವರು ಇದನ್ನೇ ಸ್ಲೋ ಅನ್ನುತ್ತಾರೆ. ಸಾಮಾನ್ಯವಾಗಿ ಬಿಸಿಯಾದ ಕಾರಿನ ಎಂಜಿನ್ ನಿಮಿಷಕ್ಕೆ 700ರಿಂದ 900 ಸುತ್ತು, ಬೈಕಿನದು 1300ರಿಂದ 1500 ಸುತ್ತು ತಿರುಗುತ್ತದೆ.

ನಮ್ಮ ಕಬಿನಿ ನಾಲೆಯನ್ನು ನೆನಪಿಸಿಕೊಳ್ಳಿ. ದೊಡ್ಡ ಗೇಟು ಮುಚ್ಚಿದ್ದರೂ ಗದ್ದೆ ಒಣಗದ ಹಾಗೆ ಸಣ್ಣ ತೂಬಿನಲ್ಲಿ ಒಂದಿಷ್ಟು ನೀರು ಬಿಡುತ್ತಾರಲ್ಲ, ಹಾಗೆ. ಆಕ್ಸಿಲರೇಟರ್ ದೊಡ್ಡ ಗೇಟು. ಐಡ್ಲಿಂಗ್ ಸಣ್ಣ ತೂಬು. ಎಂಜಿನ್ ಸಾಯದಷ್ಟು ಗಾಳಿ, ಅದಕ್ಕೆ ತಕ್ಕ ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ. ಈ ಮೂರು ಹೊಂದಿದರೆ ಸದ್ದು ಸಮನಾಗಿರುತ್ತದೆ.

ಕಮ್ಮಿಯಾದರೆ ಸಿಗ್ನಲ್ಲಿನಲ್ಲಿ ಆಫ್. ಜಾಸ್ತಿಯಾದರೆ ಪೆಟ್ರೋಲ್ ದಂಡ, ಗೇರ್ ಹಾಕಿದಾಗ ಗಾಡಿ ಮುಂದಕ್ಕೆ ಎಗರುತ್ತದೆ.

ಗಾಳಿಗೆ ಪೆಟ್ರೋಲನ್ನು ತುಂತುರಾಗಿ ಬೆರೆಸುವ ಕಾರ್ಬರೇಟರನ್ನು ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ 1893ರಲ್ಲಿ ರೂಪಿಸಿದ. ಅದಾಗಿ ಸುಮಾರು ನೂರು ವರ್ಷ ಪ್ರಪಂಚದ ಪೆಟ್ರೋಲ್ ಗಾಡಿಗಳ ಐಡ್ಲಿಂಗ್ ಸ್ಕ್ರೂ ತುದಿಯಲ್ಲೇ ಇತ್ತು.

ಯಾದವಗಿರಿಯ ಕಾರ್ಖಾನೆ

ಆ ಸ್ಕ್ರೂವನ್ನು ನಮ್ಮ ಹಳ್ಳಿಗಳಿಗೆ ಪರಿಚಯಿಸಿದ್ದರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಪಾಲು ದೊಡ್ಡದು. 1960ರಲ್ಲಿ ಕಂಪನಿ ಶುರುವಾಯಿತು. ಜೆಕೊಸ್ಲೊವಾಕಿಯಾ ದೇಶದ ಜಾವಾ ಮೋಟಾರ್ ಸೈಕಲನ್ನು ಮೈಸೂರಿನ ಯಾದವಗಿರಿಯಲ್ಲಿ ತಯಾರಿಸಲು ಪರವಾನಗಿ ತಂದವರು ಇರಾನಿ ಕುಟುಂಬ. 1961ರಲ್ಲಿ ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರೇ ಕಾರ್ಖಾನೆಯನ್ನು ಉದ್ಘಾಟಿಸಿದರು. 1973ರಿಂದ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಈ ಮೂವತ್ತೈದು ವರ್ಷದಲ್ಲಿ ಹಾಲಿನ ಕ್ಯಾನು, ಗೊಬ್ಬರದ ಚೀಲ, ಮದುವೆ ಹೆಣ್ಣು, ಎಲ್ಲವನ್ನೂ ಹೊತ್ತದ್ದು ಈ ಗಾಡಿಗಳೇ.

ಯೆಜ್ಡಿ ಓಡಿಸಿದವರಿಗೆ ಗೊತ್ತು, ಅದರಲ್ಲಿ ಕಿಕ್ಕರ್ ಬೇರೆ ಗೇರ್ ಬೇರೆ ಅಲ್ಲ. ಒಂದೇ ಲಿವರ್. ಮೇಲೆತ್ತಿ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಇಳಿಸಿದರೆ ಗೇರ್. ಹಾಗಾಗಿ ಗೇರಿನಲ್ಲಿರುವಾಗ ಸಂತೆ ನಡುವೆ ಐಡ್ಲಿಂಗ್ ಇಳಿದು ಎಂಜಿನ್ ಆಫ್ ಆಯಿತೋ, ನ್ಯೂಟ್ರಲ್ ಮಾಡಿ, ಲಿವರ್ ಎತ್ತಿ, ತಿರುಗಿಸಿ, ಒದೆಯಬೇಕು. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ. ಅದಕ್ಕೇ ಯೆಜ್ಡಿ ಇಟ್ಟುಕೊಂಡವರೆಲ್ಲ ಐಡ್ಲಿಂಗ್ ಮೇಲೆ ಕಣ್ಣಿಟ್ಟಿರುತ್ತಿದ್ದರು.

ಕಾರ್ಬರೇಟರ್ ಮೇಲೆ ಎರಡು ಸ್ಕ್ರೂ. ಒಂದು ಒಳಗಿನ ಸ್ಲೈಡನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತದೆ. ಅದು ರೇಸ್ ಸ್ಕ್ರೂ. ಇನ್ನೊಂದು ಏರ್ ಸ್ಕ್ರೂ, ಸಣ್ಣ ಜೆಟ್ಟಿಗೆ ಹೋಗುವ ಗಾಳಿಯನ್ನು ಹೆಚ್ಚು ಕಮ್ಮಿ ಮಾಡುತ್ತದೆ. ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಆಮೇಲೆ ಒಂದೂವರೆ ಸುತ್ತು ಹೊರಗೆ ಬಿಡು ಎಂಬುದು ಗ್ಯಾರೇಜಿನ ಮೊದಲ ಪಾಠ. ಅಲ್ಲಿಂದ ಮುಂದೆ ಕಿವಿಯ ಕೆಲಸ. ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ, ಸದ್ದು ತುಂಬಿ ಬರುವ ಜಾಗದಲ್ಲಿ ನಿಲ್ಲಿಸಬೇಕು. ಬಳಿಕ ರೇಸ್ ಸ್ಕ್ರೂ ಇಳಿಸಬೇಕು.

ಆದರೆ ಒಳ್ಳೆ ಮೆಕ್ಯಾನಿಕ್ ಬಂದ ಕೂಡಲೇ ಸ್ಕ್ರೂ ಮುಟ್ಟುತ್ತಿರಲಿಲ್ಲ. ಮೊದಲು ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿದ್ದರು. ಏರ್ ಫಿಲ್ಟರ್ ಕೊಡವುತ್ತಿದ್ದರು. ಜೆಟ್ ಊದುತ್ತಿದ್ದರು. ಕಾರ್ಬರೇಟರ್ ಕೂತಿರುವ ಜಾಗದಲ್ಲಿ ಗಾಳಿ ಕಳ್ಳತನ ಆಗುತ್ತಿದೆಯೇ ಎಂದು ಕೈ ಇಟ್ಟು ನೋಡುತ್ತಿದ್ದರು. ಕೊನೆಗೆ ಸ್ಕ್ರೂ. ಯಾಕೆಂದರೆ ಐಡ್ಲಿಂಗ್ ಕೆಟ್ಟಿರುವುದು ರೋಗದ ಗುರುತು ಮಾತ್ರ, ರೋಗ ಬೇರೆಲ್ಲೋ ಇರುತ್ತದೆ. ಸ್ಕ್ರೂ ತಿರುಗಿಸಿ ಸದ್ದು ಸರಿಮಾಡಿದರೆ ನಾಲ್ಕು ದಿನಕ್ಕೆ ಗಾಡಿ ವಾಪಸ್ ಬರುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಡೀಸೆಲ್ ಹೇಳಿಕೊಟ್ಟ ಪಾಠ

ಅದೇ ಕಾಲದಲ್ಲಿ ಹೊಲದಲ್ಲಿ ಇನ್ನೊಂದು ಬಗೆಯ ಐಡ್ಲಿಂಗ್ ಇತ್ತು. ಬೆಂಗಳೂರಿನ ಆಡುಗೋಡಿಯಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಜರ್ಮನಿಯ ಬಾಷ್ ಜೊತೆ ಸೇರಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್, ನಾಝಲ್ ತಯಾರಿಸಿತು. ಟ್ರ್ಯಾಕ್ಟರ್, ಲಾರಿಗಳಿಂದಾಗಿ ಮೈಕೋ ಎಂಬ ಹೆಸರು ಹಳ್ಳಿಹಳ್ಳಿಗೂ ಗೊತ್ತಾಯಿತು.

ಡೀಸೆಲ್ ಪಂಪಿನಲ್ಲಿ ಗವರ್ನರ್ ಎಂಬ ಭಾಗವಿದೆ. ಸುತ್ತು ಕಮ್ಮಿಯಾದರೆ ತಾನಾಗಿ ಡೀಸೆಲ್ ಹೆಚ್ಚಿಸುತ್ತದೆ, ಜಾಸ್ತಿಯಾದರೆ ಕಮ್ಮಿ ಮಾಡುತ್ತದೆ. ಈ ವಿದ್ಯೆ ಹೊಸದಲ್ಲ. 1788ರಲ್ಲೇ ಜೇಮ್ಸ್ ವಾಟ್ ತನ್ನ ಉಗಿ ಎಂಜಿನ್ನಿಗೆ ತಿರುಗುವ ಎರಡು ಗುಂಡುಗಳ ಗವರ್ನರ್ ಕೂರಿಸಿದ್ದ. ಅಂದರೆ ಎಂಜಿನ್ ತನ್ನ ಸುತ್ತನ್ನು ತಾನೇ ಗಮನಿಸಿ ತಾನೇ ತಿದ್ದಿಕೊಳ್ಳುವುದು ಕಂಪ್ಯೂಟರ್ ಬರುವುದಕ್ಕೆ ಇನ್ನೂರು ವರ್ಷ ಮೊದಲೇ ಇತ್ತು. ಕಂಪ್ಯೂಟರ್ ಬಂದ ಮೇಲೆ ಗುಂಡುಗಳ ಜಾಗಕ್ಕೆ ಲೆಕ್ಕ ಬಂತು, ಅಷ್ಟೆ.

ಸ್ಕ್ರೂ ಕಾಣೆಯಾದ ವರ್ಷಗಳು

ಆ ಲೆಕ್ಕ ಶುರುವಾದದ್ದು ಹೊರದೇಶದಲ್ಲಿ. 1967ರಲ್ಲಿ ಬಾಷ್ ಕಂಪನಿ ಫೋಕ್ಸ್‌ವ್ಯಾಗನ್ ಕಾರಿಗೆ ಎಲೆಕ್ಟ್ರಾನಿಕ್ ಪೆಟ್ರೋಲ್ ಇಂಜೆಕ್ಷನ್ ಕೊಟ್ಟಿತು. 1979ರಲ್ಲಿ ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ಒಂದೇ ಪೆಟ್ಟಿಗೆಯಿಂದ ನಡೆಸುವ ಮೋಟ್ರಾನಿಕ್ ಬಂತು. ಆ ಪೆಟ್ಟಿಗೆಯನ್ನೇ ಈಗ ಇಸಿಯು ಅನ್ನುವುದು.

ನಮ್ಮಲ್ಲಿ ಅದನ್ನು ತಂದದ್ದು ಹೊಗೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರ್ಬರೇಟರ್ ಗಾಡಿ. ದೆಹಲಿಯ ಗಾಳಿ ಕೆಟ್ಟು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1999ರ ಏಪ್ರಿಲ್‌ನಲ್ಲಿ ಕೋರ್ಟು ದೆಹಲಿ ಸುತ್ತಮುತ್ತ ಹೊಸ ಕಾರುಗಳಿಗೆ ಯುರೋ ನಿಯಮ ಕಡ್ಡಾಯ ಮಾಡಿತು. ಕಾರ್ಬರೇಟರಿಂದ ಆ ಲೆಕ್ಕ ಮುಟ್ಟುವುದು ಕಷ್ಟ. 2000ದ ಸುಮಾರಿಗೆ ಮಾರುತಿಯ ಹಿಂದೆ ಎಂಪಿಎಫ್‌ಐ ಎಂಬ ಅಕ್ಷರ ಕಾಣಿಸಿದ್ದು ಹೀಗೆ. ಬೈಕಿನಲ್ಲಿ 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಬಂತು. ಕೊನೆಗೆ 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6. ಸ್ಪ್ಲೆಂಡರಿನಿಂದ ಹಿಡಿದು ಹುಲ್ಲಿನ ಹೊರೆ ಹೊರುವ ಎಕ್ಸ್‌ಎಲ್ 100ರವರೆಗೆ ಬಹುತೇಕ ಎಲ್ಲಕ್ಕೂ ಇಂಜೆಕ್ಷನ್ ಬಂತು. ಮೈಸೂರು–ನಂಜನಗೂಡು ರಸ್ತೆಯಲ್ಲಿ ಕಡಕೊಳದ ಹತ್ತಿರ ಟಿವಿಎಸ್ ಕಾರ್ಖಾನೆಯನ್ನು ನೋಡಿಕೊಂಡೇ ಓಡಾಡುವ ನಮಗೆ ಈ ಬದಲಾವಣೆ ಮನೆ ಬಾಗಿಲಲ್ಲೇ ಆದ ಹಾಗೆ.

ಇದು ಕೆಟ್ಟದ್ದೇ? ಅಲ್ಲ. ಒಂದು ಲೆಕ್ಕ ನೋಡಿ. ಹೊಗೆ ತಪಾಸಣೆಯಲ್ಲಿ ಪೆಟ್ರೋಲ್ ಗಾಡಿಯನ್ನು ಐಡ್ಲಿಂಗ್‌ನಲ್ಲೇ ನಿಲ್ಲಿಸಿ ಸೈಲೆನ್ಸರಿಗೆ ಪೈಪ್ ಇಡುತ್ತಾರೆ. 2000ದ ಮಾರ್ಚ್‌ಗೆ ಮೊದಲಿನ ದ್ವಿಚಕ್ರ ವಾಹನದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ 4.5 ಶೇಕಡಾವರೆಗೆ ಇರಬಹುದಿತ್ತು. ಆಮೇಲಿನದಕ್ಕೆ 3.5. ಬಿಎಸ್-4 ಪೆಟ್ರೋಲ್ ಕಾರಿಗೆ ಬರೀ 0.3. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಶೆಡ್ಡಿನಲ್ಲಿ ಗಾಡಿ ಸ್ಟಾರ್ಟ್ ಮಾಡಿಟ್ಟರೆ ಜೀವ ತೆಗೆಯುತ್ತದೆ. ಸ್ಕ್ರೂ ಹೋಗಿ ಕಂಪ್ಯೂಟರ್ ಬಂದದ್ದರಿಂದ ನಮ್ಮ ಮಕ್ಕಳು ಕುಡಿಯುವ ಗಾಳಿ ಒಂದಿಷ್ಟು ಹಸನಾಯಿತು. ಅದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ.

ಲ್ಯಾಪ್‌ಟಾಪಿನಲ್ಲಿ ಐಡ್ಲಿಂಗ್ ಹೇಗೆ?

ಈಗ ಜಾತ್ರೆಗೆ ಬಂದ ಕಾರಿನ ಬಾನೆಟ್ ಒಳಗೆ ಬನ್ನಿ. ಅಲ್ಲಿ ಸಣ್ಣ ತೂಬು ಇದ್ದೇ ಇದೆ. ಸ್ಕ್ರೂ ಬದಲು ಒಂದು ಪುಟ್ಟ ಮೋಟಾರ್ ಅದನ್ನು ತೆರೆದು ಮುಚ್ಚುತ್ತದೆ. ಹೊಸ ಕಾರುಗಳಲ್ಲಿ ದೊಡ್ಡ ಗೇಟಿಗೇ ಮೋಟಾರ್ ಇದ್ದು ಅದೇ ಈ ಕೆಲಸವನ್ನೂ ಮಾಡುತ್ತದೆ. ಎಷ್ಟು ತೆರೆಯಬೇಕು ಎಂದು ಹೇಳುವುದು ಇಸಿಯು. ಅದರ ಒಳಗೆ ಪಂಚಾಂಗದಂಥ ಒಂದು ಕೋಷ್ಟಕ ಇರುತ್ತದೆ. ಎಂಜಿನ್ ಇಷ್ಟು ತಣ್ಣಗಿದ್ದರೆ 1200 ಸುತ್ತು, ಇಷ್ಟು ಬಿಸಿಯಾದರೆ 850, ಎಸಿ ಹಾಕಿದರೆ ಇನ್ನು ನೂರು ಜಾಸ್ತಿ, ಹೀಗೆ. ಹಿಂದೆ ನಾವು ಚೋಕ್ ಎಳೆದು ಮಾಡುತ್ತಿದ್ದುದನ್ನೂ ಇದೇ ಕೋಷ್ಟಕ ನೋಡಿಕೊಳ್ಳುತ್ತದೆ.

ತೂಬು ಸ್ವಲ್ಪ ನಿಧಾನ. ಹಾಗಾಗಿ ಇಸಿಯು ಇನ್ನೊಂದು ಕೈಯನ್ನೂ ಬಳಸುತ್ತದೆ. ಅದು ಕಿಡಿಯ ಹೊತ್ತು. ಸುತ್ತು ಇಳಿಯಿತೆಂದರೆ ಕಿಡಿಯನ್ನು ನಾಲ್ಕಾರು ಡಿಗ್ರಿ ಮುಂಚೆ ಹೊತ್ತಿಸುತ್ತದೆ, ಎಂಜಿನ್ ಕೂಡಲೇ ಚೇತರಿಸಿಕೊಳ್ಳುತ್ತದೆ. ಏರಿತೆಂದರೆ ತಡವಾಗಿ ಹೊತ್ತಿಸುತ್ತದೆ.

ಕಂಪನಿ ಕೊಟ್ಟ ಎಂಜಿನ್ನಿಗೆ ಕಂಪನಿ ಬರೆದ ಕೋಷ್ಟಕ ಸರಿಹೊಂದುತ್ತದೆ. ಆದರೆ ಈ ಹುಡುಗನ ಕಾರಿನಲ್ಲಿ ಕ್ಯಾಮ್ ಶಾಫ್ಟ್ ಬದಲಾಗಿದೆ, ಇಂಜೆಕ್ಟರ್ ದೊಡ್ಡದಾಗಿದೆ, ಫ್ಲೈವೀಲ್ ಹಗುರವಾಗಿದೆ. ರೇಸಿನ ಕ್ಯಾಮ್ ಹಾಕಿದರೆ ಗಾಳಿ ಒಳಬರುವ ವಾಲ್ವು, ಹೊಗೆ ಹೊರಹೋಗುವ ವಾಲ್ವು ಎರಡೂ ಒಂದಷ್ಟು ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಜೋರಾಗಿ ಓಡುವಾಗ ಅದರಿಂದ ಶಕ್ತಿ, ನಿಂತಾಗ ಅದರಿಂದಲೇ ಮಿಸ್ಸಿಂಗ್. ದೊಡ್ಡ ಇಂಜೆಕ್ಟರಿಗೆ ಹನಿ ಹನಿ ಪೆಟ್ರೋಲ್ ಬಿಡಲು ಬರುವುದಿಲ್ಲ. ಹಗುರ ಫ್ಲೈವೀಲ್ ಸುತ್ತನ್ನು ಹಿಡಿದಿಡುವುದಿಲ್ಲ. ಹಳೆ ಕೋಷ್ಟಕ ಹಿಡಿದ ಇಸಿಯು ಆಗ ಹೊಸದಾಗಿ ತೂಬು ಕಾಯಲು ಬಂದವನ ಹಾಗೆ ಆಡುತ್ತದೆ. ನೀರು ಕಮ್ಮಿ ಅಂತ ಪೂರ್ತಿ ತೆಗೆಯುತ್ತಾನೆ, ಜಾಸ್ತಿ ಆಯ್ತು ಅಂತ ಪೂರ್ತಿ ಮುಚ್ಚುತ್ತಾನೆ. ರೇಸ್ ಏರುವುದು ಇಳಿಯುವುದು ಇದರಿಂದಲೇ.

ಇದನ್ನು ಸರಿಮಾಡಲು ಲ್ಯಾಪ್‌ಟಾಪನ್ನು ಇಸಿಯುಗೆ ಜೋಡಿಸಿ ಟ್ಯೂನಿಂಗ್ ಸಾಫ್ಟ್‌ವೇರ್ ತೆರೆಯುತ್ತಾರೆ. ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಕಾಯುತ್ತಾರೆ. ಐಡ್ಲಿಂಗ್ ತಾನಾಗಿ ತಿದ್ದುವ ಲೆಕ್ಕವನ್ನು ಮೊದಲು ನಿಲ್ಲಿಸುತ್ತಾರೆ. ಗಾಳಿ ಪೆಟ್ರೋಲ್ ಪ್ರಮಾಣ ಸರಿಮಾಡುತ್ತಾರೆ. ಪೆಟ್ರೋಲ್ ಎಂಜಿನ್ನಿಗೆ ಲೆಕ್ಕದ ಪ್ರಮಾಣ ತೂಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್. ಆಮೇಲೆ ಕಿಡಿಯ ಹೊತ್ತನ್ನು ಒಂದು ಕಡೆ ನಿಲ್ಲಿಸುತ್ತಾರೆ. ಬಳಿಕ ತೂಬಿನ ತೆರಪು. ಕೊನೆಗೆ ಬೇಕಾದ ಸುತ್ತನ್ನು ಬರೆದು, ತಾನಾಗಿ ತಿದ್ದುವ ಲೆಕ್ಕವನ್ನು ಮೆಲ್ಲಗೆ ವಾಪಸ್ ಹಾಕುತ್ತಾರೆ. ಲೈಟ್ ಹಾಕಿ, ಫ್ಯಾನ್ ಹಾಕಿ, ಎಸಿ ಹಾಕಿ ನಿಲ್ಲುತ್ತದೆಯೇ ನೋಡುತ್ತಾರೆ. ಮಾರನೇ ದಿನ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಇನ್ನೊಮ್ಮೆ ನೋಡುತ್ತಾರೆ. ಇಂಥ ಎಂಜಿನ್ 850ರಲ್ಲಿ ನಿಲ್ಲದೆ 1000ದ ಮೇಲೇ ಇಡಬೇಕಾಗುವುದೂ ಉಂಟು.

ಆದರೆ ಒಳ್ಳೆ ಟ್ಯೂನರ್ ಲ್ಯಾಪ್‌ಟಾಪ್ ತೆರೆಯುವ ಮೊದಲು ಏನು ಮಾಡುತ್ತಾನೆ ಗೊತ್ತೇ? ಪ್ಲಗ್ ನೋಡುತ್ತಾನೆ. ಗಾಳಿ ಕಳ್ಳತನ ಆಗುತ್ತಿದೆಯೇ ಹುಡುಕುತ್ತಾನೆ. ಥ್ರಾಟಲ್ ಒಳಗಿನ ಮಸಿ ಒರೆಸುತ್ತಾನೆ. ಯಾದವಗಿರಿ ಕಾಲದ ಪಾಠವೇ.

ಬೀಗ ಯಾರ ಕೈಯಲ್ಲಿ?

ಸ್ಕ್ರೂಡ್ರೈವರ್ ಹತ್ತು ರೂಪಾಯಿಗೆ ಸಂತೆಯಲ್ಲಿ ಸಿಗುತ್ತಿತ್ತು. ಇಸಿಯು ಬೀಗ ತೆಗೆಯುವ ಸಾಫ್ಟ್‌ವೇರ್ ಹಾಗೆ ಸಿಗುವುದಿಲ್ಲ. ಈ ಜಗಳ ಕೂಡ ಹಳೆಯದೇ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರಿಗೂ ಒಂದೇ ಬಗೆಯ ಒಬಿಡಿ ಸಾಕೆಟ್ ಕಡ್ಡಾಯವಾಯಿತು, ಯಾವ ಗ್ಯಾರೇಜಿನವನಾದರೂ ತಪ್ಪಿನ ಕೋಡ್ ಓದಲಿ ಎಂದು. 2001ರಲ್ಲಿ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬ ಇಬ್ಬರು ಮೆಗಾಸ್ಕ್ವರ್ಟ್ ಎಂಬ ಇಸಿಯು ಹೊರತಂದರು. ಜನ ತಾವೇ ಬೆಸುಗೆ ಹಾಕಿ ಜೋಡಿಸಿಕೊಂಡು, ತಾವೇ ಕೋಷ್ಟಕ ಬರೆದುಕೊಳ್ಳುವಂಥದ್ದು. ಹವ್ಯಾಸಕ್ಕೆ ಕಾರು ಬದಲಾಯಿಸುವವರ ಕೈಗೆ ಸಾಫ್ಟ್‌ವೇರ್ ಬಂದದ್ದರಲ್ಲಿ ಇಂಥ ಕೆಲಸಗಳ ಪಾತ್ರ ದೊಡ್ಡದು.

ನಮ್ಮ ದೇಶದಲ್ಲಿ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ತಪಾಸಣೆಯ ಸಲಕರಣೆಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಇಟ್ಟುಕೊಂಡಿವೆ ಎಂಬುದು ಆಯೋಗದ ತೀರ್ಮಾನ. ಅದರ ಮೇಲೆ ಮೇಲ್ಮನವಿಗಳೂ ನಡೆದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕಾರು ಬೈಕು, ಮೊಬೈಲ್, ಮನೆ ಸಾಮಾನಿನ ಜೊತೆ ಕೃಷಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ.

ಇನ್ನೊಂದು ಕಡೆಯನ್ನೂ ಹೇಳಬೇಕು. ಬೀಗ ಪೂರ್ತಿ ತೆಗೆದುಬಿಟ್ಟರೆ ಹೊಗೆಯ ಲೆಕ್ಕ ತಪ್ಪಿಸುವವರೂ ಇರುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಬರೆಯಲಾಗಿದೆ. ಆ ಹುಡುಗನಿಗೂ ನಾವು ಇದನ್ನು ಹೇಳಿದೆವು. ರೇಸ್ ಟ್ರ್ಯಾಕಿನ ಕಾರು ಟ್ರ್ಯಾಕಿಗೆ, ಊರಿನ ರಸ್ತೆಗೆ ಅಲ್ಲ.

ಆದರೆ ಗಾಡಿ ಬದಲಾಯಿಸುವುದು ಬೇರೆ, ರಿಪೇರಿ ಮಾಡುವುದು ಬೇರೆ. ಕಂಪನಿ ಕೊಟ್ಟ ಸುತ್ತಿಗೇ ಐಡ್ಲಿಂಗ್ ವಾಪಸ್ ತರಲು, ತಪ್ಪಿನ ಕೋಡ್ ಓದಲು, ಥ್ರಾಟಲ್ ತೊಳೆದ ಮೇಲೆ ರೀಸೆಟ್ ಮಾಡಲು ಹಳ್ಳಿ ಗ್ಯಾರೇಜಿಗೆ ದಾರಿ ಬೇಡವೇ? ಎಕ್ಸ್‌ಎಲ್ ಕೆಟ್ಟರೆ ಒಂದು ದಿನದ ಕೂಲಿ ಬಿಟ್ಟು ನಂಜನಗೂಡಿಗೋ ನರಸೀಪುರಕ್ಕೋ ಗಾಡಿ ತಳ್ಳಿಕೊಂಡು ಹೋಗುವವರು ನಮ್ಮವರು. ಬಾಷ್ ಕಂಪನಿಯ ಸಾವಿರಾರು ಎಂಜಿನಿಯರುಗಳು ವಾಹನದ ಸಾಫ್ಟ್‌ವೇರ್ ಕೆಲಸ ಮಾಡುವುದು ಬೆಂಗಳೂರಿನಲ್ಲೇ. ಅಲ್ಲಿನ ವಿದ್ಯೆ ಇಲ್ಲಿನ ಗ್ಯಾರೇಜಿಗೆ ಬರಲು ಇಷ್ಟು ವರ್ಷ ಬೇಕೇ ಎಂಬುದು ನಮ್ಮ ಪ್ರಶ್ನೆ.

ತಗಡೂರಿಗೆ ವಾಪಸ್

ತಗಡೂರು ಅಂದರೆ ಹಳಬರಿಗೆ ಖಾದಿ. ತಗಡೂರು ರಾಮಚಂದ್ರರಾಯರ ಊರು, 1934ರಲ್ಲಿ ಗಾಂಧೀಜಿ ಬಂದುಹೋದ ಊರು. ಚರಕದ ದಾರ ಸಡಿಲವಾದರೆ ನೂಲುವವರೇ ಬಿಗಿ ಮಾಡಿಕೊಳ್ಳುತ್ತಿದ್ದರು. ಯಂತ್ರ ಬೇಡ ಎಂದಲ್ಲ, ಯಂತ್ರದ ಕಿವಿ ನಮ್ಮ ಕೈಗೆ ಸಿಗಬೇಕು ಎಂಬ ಮಾತು ಈ ಮಣ್ಣಿಗೆ ಹೊಸದೇನಲ್ಲ.

ಇನ್ನು ಸ್ವಲ್ಪ ವರ್ಷಕ್ಕೆ ಈ ಐಡ್ಲಿಂಗ್ ಎಂಬ ಪದವೇ ಹಳತಾಗಬಹುದು. 2001ರಲ್ಲಿ ಬೆಂಗಳೂರಿನಿಂದ ರೇವಾ ಎಲೆಕ್ಟ್ರಿಕ್ ಕಾರು ಬಂದಾಗಲೇ ಅದರಲ್ಲಿ ಐಡ್ಲಿಂಗ್ ಇರಲಿಲ್ಲ. ನಿಂತರೆ ಮೋಟಾರೂ ನಿಲ್ಲುತ್ತದೆ. ಈಗ ಊರೊಳಗೆ ಎಲೆಕ್ಟ್ರಿಕ್ ಸ್ಕೂಟರುಗಳು ಸದ್ದಿಲ್ಲದೆ ಓಡಾಡುತ್ತಿವೆ. ಅವುಗಳಲ್ಲಂತೂ ಮುಕ್ಕಾಲು ಪಾಲು ಸಾಫ್ಟ್‌ವೇರೇ. ಹಾಗಾಗಿ ಬೀಗದ ಪ್ರಶ್ನೆ ದೊಡ್ಡದಾಗುತ್ತದೆಯೇ ಹೊರತು ಸಣ್ಣದಾಗುವುದಿಲ್ಲ.

ಈಗ ಗ್ಯಾರೇಜಿನ ಅಣ್ಣ ಏನು ಮಾಡಿದರು ಕೇಳಿ. ಸ್ಕ್ರೂಡ್ರೈವರ್ ಕೆಳಗಿಟ್ಟು, ಎಂಜಿನ್ ಸ್ಟಾರ್ಟ್ ಮಾಡಿಸಿ, ಕಿವಿ ಕೊಟ್ಟು ನಿಂತರು. ಎಲ್ಲೋ ಸುಯ್ ಎನ್ನುವ ಸದ್ದು. ಒಂದೊಂದೇ ರಬ್ಬರ್ ಪೈಪನ್ನು ಬೆರಳಲ್ಲಿ ಹಿಸುಕುತ್ತ ಹೋದರು. ಮೂರನೆಯದನ್ನು ಹಿಸುಕಿದಾಗ ಸದ್ದು ಬದಲಾಯಿತು. ಪೈಪ್ ಬಿರುಕು ಬಿಟ್ಟಿತ್ತು. ಆ ತುಂಡು ಕತ್ತರಿಸಿ, ಕ್ಲಿಪ್ ಹಾಕಿ ಬಿಗಿದರು. ಏರುವುದು ಇಳಿಯುವುದು ನಿಂತಿತು.

ಎಸಿ ಹಾಕಿದರೆ ಮಾತ್ರ ಈಗಲೂ ಆಫ್ ಆಗುತ್ತಿತ್ತು. ಅದಕ್ಕೆ ಕೋಷ್ಟಕ ತಿದ್ದಲೇಬೇಕು.

"ಪೈಪಿನ ಕೆಲಸ ನಂದು, ಆಯ್ತು. ಉಳಿದಿದ್ದು ಆ ಪೆಟ್ಟಿಗೆದು," ಅಂದರು ಅಣ್ಣ. ಐವತ್ತು ರೂಪಾಯಿ ತಗೊಂಡು, ಕೈ ಒರೆಸಿಕೊಂಡು, ಹುಡುಗನನ್ನು ಕೇಳಿದರು: "ಆ ಲ್ಯಾಪ್‌ಟಾಪ್ ವಿದ್ಯೆ ನಮ್ಮಂಥೋರಿಗೂ ಯಾರಾದ್ರೂ ಹೇಳ್ಕೊಡ್ತಾರಾ ಮಗಾ?"

ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ತಾಲ್ಲೂಕಿನ ಐಟಿಐಗಳು, ಕೌಶಲ ತರಬೇತಿ ನಡೆಸುವವರು, ಗಾಡಿ ಮಾರುವ ಕಂಪನಿಗಳು ಹೇಳಬೇಕಾದ ಉತ್ತರ ಅದು. ನಿಮ್ಮೂರಿನ ಗ್ಯಾರೇಜಿನವರನ್ನೂ ಒಮ್ಮೆ ಕೇಳಿ ನೋಡಿ, ಅವರಿಗೂ ಇದೇ ಪ್ರಶ್ನೆ ಇರಬಹುದು.